ಬಿಳಿ ಗೋಡೆ

ಗಂಡ ನಿವೃತ್ತನಾದ ಮೇಲಿನ ಮೊದಲ ಪ್ರವಾಸ. ತನಗಿನ್ನು ಹೆಚ್ಚು ದಿನವಿಲ್ಲವೆಂದು ಡಾಕ್ಟರು ಹೇಳಿದ್ದನ್ನು ಊರಿಗೆ ಮರಳಿದ ಮೇಲೆಯೇ ಅವನಿಗೆ ತಿಳಿಸುವುದೆಂದು ವಾರಿಜ ನಿರ್ಧರಿಸಿದ್ದಳು.

ಕನ್ಯಾಕುಮಾರಿಯಲ್ಲೂ ಅವನು ಕಡಲನ್ನು ಬಿಟ್ಟು, ಫೋಟೊ ತೆಗೆಯಲು ಲಾಡ್ಜಿನ ಬಿಳಿ ಗೋಡೆಯ ಮುಂದೆ ಅವಳನ್ನು ನಿಲ್ಲಿಸಿದ.

“ಏನ್ರೀ ಇದು, ಮಧುರೈಲೂ ಗೋಡೆ, ಇಲ್ಲೂ ಗೋಡೆ. ಗೋಡೆ ನೋಡೋಕೆ ಇಷ್ಟು ದೂರ ಬರ್ಬೇಕಿತ್ತಾ?”

“ಮುಖ ಚೆನ್ನಾಗಿ ಬರ್ಲಿ ಅಂತ. ಸ್ವಲ್ಪ ನಗು.”

“ನೀವೂ ಬನ್ನಿ. ಯಾರಾದ್ರೂ ತೆಗೀತಾರೆ.”

“ಬೇಡ. ನೀನೊಬ್ಳೇ ಇರ್ಬೇಕು.”

“ಯಾಕೆ, ನನ್ ಪಕ್ಕ ನಿಲ್ಲೋಕೆ ನಾಚಿಕೆನಾ?” ಎಂದು ಅವಳು ನಕ್ಕಳು.

ಅವನು ಕ್ಲಿಕ್ಕಿಸಿದ. ಮುಖದೆದುರಿನ ಫೋನನ್ನು ಮಾತ್ರ ಇಳಿಸಲಿಲ್ಲ.

“ನಮ್ಮಮ್ಮನ ಫೋಟೊ ನೋಡಿದೀಯಲ್ಲ, ಗುಂಪಿಂದ ಕತ್ತರಿಸಿದ್ದು. ಹೆಗಲ ಮೇಲೆ ಇನ್ಯಾರದೋ ಕೈ ಇದೆ. ಅವಳು ಹೋದ ದಿನ ಹಾರ ಹಾಕೋಕೆ ಬೇರೆ ಫೋಟೊನೇ ಸಿಗ್ಲಿಲ್ಲ, ವಾರಿಜಾ.”