ಲಂಗದ ಲಾಡಿ

ನಾದಿನಿ ಫ್ಲೇವಿಯಾ, ಸಹಾಯಮೇರಿಯ ಬ್ಲೌಸಿನ ತೋಳಿನೊಳಗೆ ಎರಡು ಬೆರಳು ತೂರಿಸಿ ಆಡಿಸಿದಳು. "ಹೋದ್ ಕ್ರಿಸ್‌ಮಸ್ಸಿಗೆ ಇದರ ಹುಕ್ಕೇ ಬೀಳ್ತಿರ್ಲಿಲ್ಲ. ಈಗ ನೋಡಿ, ಎಷ್ಟ್ ಸಣ್ಣ ಆಗ್ಬುಟ್ಟಿದ್ದೀರ ಅತ್ತಿಗೆ. ನಮಗೆ ಹೇಳ್ದೆ ಗೋಕುಲಂಗೆ ಹೋಗಿ ಫಾರಿನ್ನೋರ ಜೊತೆ ಯೋಗ ಮಾಡ್ತಿದ್ದೀರೇನು?"

ಸಹಾಯಮೇರಿ ನಕ್ಕಳು. ಚರ್ಚಿನಲ್ಲೂ ಎಲ್ಲರೂ ಹೀಗೇ ಕೇಳುತ್ತಿದ್ದರು. ಬ್ಲೌಸು ಸಡಿಲವಾದಷ್ಟೂ ಅವಳಿಗೆ ಹೆಮ್ಮೆ. ಪಥ್ಯವನ್ನೇನೂ ಮಾಡಿರಲಿಲ್ಲ. ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುತ್ತಿತ್ತು, ಅಷ್ಟೆ.

"ಬೇಗ ಲಂಗ ಕಟ್ಕೊಳ್ಳಿ, ಸೀರೆ ಉಡಿಸ್ತೀನಿ. ನೆಲ್ಸನ್ ನಿಶ್ಚಿತಾರ್ಥಕ್ಕೆ ಹೆತ್ತಮ್ಮನೇ ಲೇಟಾದ್ರೆ ಹೆಂಗೆ?" ಎನ್ನುತ್ತ ಫ್ಲೇವಿಯಾ ಪಿನ್ನುಗಳನ್ನು ಬಾಯಲ್ಲಿ ಕಚ್ಚಿಕೊಂಡಳು.

ಸಹಾಯಮೇರಿ ಲಾಡಿ ಎಳೆದಳು. ಗಂಟು ಹಾಕಿದ ಮೇಲೂ ಮೊಣಕಾಲವರೆಗೆ ಜೋತಾಡುತ್ತಿದ್ದ ಅದೇ ಲಾಡಿ ಈಗ ಗಂಟಿಗೂ ಸಾಲಲಿಲ್ಲ. ಲಂಗದ ಸೊಂಟಪಟ್ಟಿಯೊಳಗೆ ಸೇರಿಕೊಂಡಿರಬೇಕೆಂದು ಒಂದು ತುದಿ ಎಳೆದಳು. ಇನ್ನೊಂದು ತುದಿ ಅಷ್ಟೇ ಒಳಗೆ ಹೋಯಿತು. ಉಸಿರು ಬಿಗಿಹಿಡಿದು ಹೊಟ್ಟೆ ಒತ್ತಿಕೊಂಡಳು. ಅದು ಬಗ್ಗಲಿಲ್ಲ, ಗಟ್ಟಿಯಾಗಿ ನಿಂತಿತ್ತು. ಕನ್ನಡಿಯಲ್ಲಿ ಸೊರಗಿದ ತೋಳು, ಎದ್ದು ಕಾಣುವ ಕೊರಳೆಲುಬು. ಅವುಗಳ ಕೆಳಗೆ, ನೆಲ್ಸನ್‌ನ ಬಸಿರಿನ ಏಳನೇ ತಿಂಗಳಲ್ಲಿ ಇದ್ದಂಥ ಹೊಟ್ಟೆ.

"ಒಗೆದು ಒಗೆದು ಲಂಗ ಕುಗ್ಗಿರ್ಬೇಕು ಕಣಮ್ಮ," ಎಂದಳು. ದನಿ ತನ್ನದಲ್ಲವೆನಿಸಿತು.

ಗಂಟು ಹಾಕಿಕೊಡಲು ಬಗ್ಗಿದ ಫ್ಲೇವಿಯಾಳ ಕೈ ಆ ಹೊಟ್ಟೆಗೆ ತಾಗಿ ಅಲ್ಲೇ ನಿಂತುಬಿಟ್ಟಿತು. ಬಾಯಲ್ಲಿದ್ದ ಪಿನ್ನುಗಳನ್ನು ಅವಳು ಒಂದೊಂದಾಗಿ ತೆಗೆದಳು.

"ಅತ್ತಿಗೆ, ಎಷ್ಟ್ ದಿನದಿಂದ ಹಿಂಗಿದೆ?"