ಗೆದ್ದಲು ಮೇಷ್ಟ್ರಿಗೆ ಹೇಳದ ಸುದ್ದಿ

"ಎಲ್ಲಿಂದಾದ್ರೂ ಏನಾದ್ರೂ ಬಂತೇನಮ್ಮ?"

"ಏನೂ ಇಲ್ಲ ಸಾರ್," ಎಂದಳು ಅವಳು. ಬುಧವಾರ. ಸತತ ಮೂರನೆಯ ದಿನ, ಅದೇ ಸುಳ್ಳು. ಬಂದದ್ದು ಅವಳ ಕೋಟಿನ ಜೇಬಿನಲ್ಲಿ, ಫೋನಿನೊಳಗೆ ಬೆಚ್ಚಗೆ ಕೂತಿತ್ತು.

ಕೇಳಿದವರನ್ನು ಇಡೀ ಕಾಲೇಜು ಗೆದ್ದಲು ಮೇಷ್ಟ್ರು ಎಂದೇ ಕರೆಯುತ್ತಿತ್ತು. ಇಪ್ಪತ್ತೆರಡು ವರ್ಷ ಗೆದ್ದಲು ಸಾಕಿ, ಅವುಗಳ ಬಗ್ಗೆ ಬರೆದು, ಅವುಗಳ ಮೇಲೆ ಮಮತೆ ಬೆಳೆಸಿಕೊಂಡವರು. ಮನುಷ್ಯರ ಮೇಲೆ ಅಷ್ಟಿರಲಿಲ್ಲ. ಗೆದ್ದಲೂ ಉಪಕಾರ ತೀರಿಸಿತ್ತು: ಪ್ರಯೋಗಾಲಯದ ಕಿಟಕಿ ಪಕ್ಕದ ಮರದ ಕುರ್ಚಿಯನ್ನು ಒಳಗಿಂದೊಳಗೇ ತಿಂದು, ಮೇಲಿನ ಬಣ್ಣ ಮಾತ್ರ ಉಳಿಸಿತ್ತು. ಅದರಲ್ಲಿ ಕೂರಬಾರದು ಎಂಬುದು ಅಲ್ಲಿಗೆ ಬಂದವರಿಗೆಲ್ಲ ಮೊದಲ ಪಾಠ. ಒಮ್ಮೆ ತಪಾಸಣೆಗೆ ಬಂದ ಅಧಿಕಾರಿಗೆ ಆ ಪಾಠ ಹೇಳಲು ಮೇಷ್ಟ್ರು ಬೇಕೆಂದೇ ಮರೆತಿದ್ದರು.

ಅವರ ಬಳಿ ಪಿಎಚ್.ಡಿ. ಮಾಡುವುದಾಗಿ ಅವಳು ಎರಡು ತಿಂಗಳ ಹಿಂದೆಯೇ ಸಹಿ ಹಾಕಿಯಾಗಿತ್ತು. ದೊಡ್ಡ ವಿಶ್ವವಿದ್ಯಾಲಯ ಆಗ ಅವಳ ಅರ್ಜಿಯನ್ನು ಮೂಸಿಯೂ ನೋಡಿರಲಿಲ್ಲ. ಈಗ, ಎಲ್ಲ ಮುಗಿದ ಮೇಲೆ, ಅಲ್ಲಿಂದ ಪತ್ರ. ಒಂದು ಸೀಟು ಹೆಚ್ಚುವರಿಯಾಗಿ ಮಂಜೂರಾಗಿದೆ, ಶುಕ್ರವಾರ ಸಂಜೆ ಐದರೊಳಗೆ ಒಪ್ಪಿಗೆ ತಿಳಿಸಿ. ಮಾರ್ಗದರ್ಶಕರು: ನಂತರ ತಿಳಿಸಲಾಗುವುದು. ಆ ಸೀಟಿಗಾಗಿ ಅವಳು ಎರಡು ವರ್ಷ ಬಾಯಿ ಬಿಟ್ಟುಕೊಂಡು ಕಾದಿದ್ದಳು.

ಅವಳ ಅಮ್ಮ ಹಲ್ಲಿನ ಡಾಕ್ಟರ ಬಳಿ ಚೀಟಿ ಬರೆಯುವ ಕೆಲಸದಲ್ಲಿದ್ದಳು. ಲೋಕದ ಸಂಕಟಗಳಿಗೆಲ್ಲ ಎರಡೇ ಮದ್ದು ಎಂದು ನಂಬಿದ್ದಳು: ತುಂಬಿಸುವುದು, ಇಲ್ಲವೇ ಕೀಳಿಸುವುದು.

"ಕಿತ್ತು ಹಾಕು," ಎಂದಳು ಅಮ್ಮ, ಒಗೆದ ಬಟ್ಟೆ ಮಡಿಸುತ್ತ. "ಒಂದು ನಿಮಿಷ ನೋಯತ್ತೆ. ಆಮೇಲೆ ಅವರಿಗೂ ಆರಾಮ, ನಿನಗೂ ಆರಾಮ."

"ಅವರಿಗಿರೋದು ನಾನೊಬ್ಬಳೇ ಅಮ್ಮ. ಹೋದ ವರ್ಷ ಬಂದವನು ಮೂರೇ ವಾರಕ್ಕೆ ಓಡಿಹೋದ."

"ಬುದ್ಧಿವಂತ."

"ಅಲ್ಲಿ ಮಾರ್ಗದರ್ಶಕರು ಯಾರು ಅಂತಾನೂ ಹೇಳಿಲ್ಲ."

"ಯಾರಾದ್ರೇನೇ? ಈ ಮನುಷ್ಯನಿಗಿಂತ ಕಡೆ ಇರ್ತಾರಾ? ಹೋಗಲಿ, ನಿನ್ನ ಮೇಷ್ಟ್ರನ್ನೇ ಒಂದು ಮಾತು ಕೇಳಿಬಿಡು."

ಅದೊಂದು ಮಾತ್ರ ಆಗದ ಕೆಲಸ. ಕೇಳಿದರೆ ಅವರು ಹೋಗು ಅನ್ನುತ್ತಾರೆ. ಆಮೇಲೆ ಜನ್ಮಪೂರ್ತಿ ಅವರ ಮುಖ ನೋಡುವುದು ಹೇಗೆ?

ಗುರುವಾರ ಅವಳು ಬಂದಾಗ ಪ್ರಯೋಗಾಲಯದ ಗೋಡೆಗಳು ಬೋಳಾಗಿದ್ದವು. ಚೌಕಟ್ಟು ಹಾಕಿದ ಚಿತ್ರಗಳೆಲ್ಲ ಮೂಲೆಯಲ್ಲಿ ಒರಗಿದ್ದವು.

"ಸುಣ್ಣ ಹೊಡೀತಾರಂತೆ," ಎಂದರು ಮೇಷ್ಟ್ರು, ತಲೆಯೆತ್ತದೆ. ಅವರು ಮೊಳೆ, ಸುತ್ತಿಗೆ ಹಿಡಿದು ಹೊಸ ತಗಡಿನ ಡಬ್ಬಗಳ ಮುಚ್ಚಳಕ್ಕೆ ಒಂದೊಂದಾಗಿ ಗಾಳಿಯ ತೂತು ಹೊಡೆಯುತ್ತಿದ್ದರು. ಮೂವತ್ತಾದರೂ ಡಬ್ಬ. ನನ್ನ ಸಂಶೋಧನೆಗೆ ಅಣಿ ಮಾಡುತ್ತಿದ್ದಾರೆ ಎಂದೇ ಅವಳು ತಿಳಿದಳು. ಹೆಬ್ಬೆರಳಿಗೆ ಏಟು ಬಿದ್ದು ಬಟ್ಟೆ ಸುತ್ತಿಕೊಂಡಿದ್ದರು ಬೇರೆ.

"ರಾಣಿಯೊಬ್ಬಳನ್ನೇ ಎತ್ತಿ ಬೇರೆ ಕಡೆ ಇಟ್ರೆ ಏನಾಗತ್ತೆ, ಗೊತ್ತಾ?"

"ಸಾಯ್ತಾಳೆ ಸಾರ್."

"ಹ್ಞಾ. ಆಳುಗಳು ಜೊತೆಗಿರಬೇಕು. ಉಣಿಸೋರು ಬೇಕಲ್ಲ." ಮೇಷ್ಟ್ರು ಇನ್ನೊಂದು ತೂತು ಹೊಡೆದರು. "ಇವತ್ತೂ ಏನೂ ಬರಲಿಲ್ವಾ?"

"ಇಲ್ಲ ಸಾರ್."

ಅವರ ಮುಖ ಸಣ್ಣಗಾಯಿತು. ಸುಳ್ಳೆಂದು ಗೊತ್ತಾಗಿಹೋಗಿದೆ ಎಂದುಕೊಂಡಳು. ರಾಣಿಯ ಮಾತು ತನಗೇ ಕುಟುಕಿದ್ದು ಎಂಬುದರಲ್ಲಿ ಅವಳಿಗೆ ಅನುಮಾನವೇ ಉಳಿಯಲಿಲ್ಲ.

ಶುಕ್ರವಾರ ನಾಲ್ಕೂ ನಲವತ್ತಕ್ಕೆ ಅವಳು ಮೆಟ್ಟಿಲ ಕೆಳಗೆ ಫೋನು ಹಿಡಿದು ನಿಂತಳು. ಒಂದು ಗುಂಡಿ ಹಸಿರು, ಒಂದು ಕೆಂಪು. ಕೆಳಗೆ ದಪ್ಪಕ್ಷರದಲ್ಲಿ: ನಿರಾಕರಿಸಿದರೆ ಸೀಟು ರದ್ದಾಗುವುದು, ಮರುಪರಿಶೀಲನೆಗೆ ಅವಕಾಶವಿಲ್ಲ. ಹಸಿರಿನ ಮೇಲೆ ಬೆರಳು ಎರಡು ಸಲ ಹೋಗಿ ಎರಡು ಸಲ ವಾಪಸು ಬಂತು. ಬಟ್ಟೆ ಸುತ್ತಿದ ಆ ಹೆಬ್ಬೆರಳು ನೆನಪಾಯಿತು. ಕೆಂಪನ್ನು ಒತ್ತಿದಳು.

ಒತ್ತಿದ ಮೇಲೆ ಅಳು ಬಂತು. ಹಿಂದೆಯೇ ಹೆಮ್ಮೆಯೂ ಬಂತು. ತ್ಯಾಗ ಮಾಡಿ ಬಾಯಿ ಮುಚ್ಚಿಕೊಂಡಿರುವುದು ಅವಳ ಜಾಯಮಾನವಲ್ಲ. ಕಣ್ಣೊರೆಸಿಕೊಂಡು ಸೀದಾ ಮೇಲೆ ಹತ್ತಿದಳು.

ಮೇಷ್ಟ್ರು ಕೈಯಲ್ಲೊಂದು ಲಕೋಟೆ ಹಿಡಿದು ನಿಂತಿದ್ದರು. ತಲೆ ಬಾಚಿದ್ದರು. ಅಷ್ಟೇ ಅಲ್ಲ, ನಗುತ್ತಿದ್ದರು.

"ಬಾ ಬಾ, ನಿನ್ನನ್ನೇ ಹುಡುಕ್ತಿದ್ದೆ..."

"ಮೊದ್ಲು ನಾನು ಹೇಳ್ಬಿಡ್ತೀನಿ ಸಾರ್. ದೊಡ್ಡ ವಿಶ್ವವಿದ್ಯಾಲಯದಿಂದ ಸೋಮವಾರಾನೇ ಸೀಟು ಬಂದಿತ್ತು. ನಿಮ್ಮ ಹತ್ರ ಸುಳ್ಳು ಹೇಳಿದೆ, ತಪ್ಪಾಯ್ತು. ಆದ್ರೆ ಈಗ ತಾನೇ ಬೇಡ ಅಂದ್ಬಿಟ್ಟೆ. ನಿಮ್ಮನ್ನ ಬಿಟ್ಟು ನಾನೆಲ್ಲೂ ಹೋಗಲ್ಲ!"

ಮೇಷ್ಟ್ರ ನಗು ಇದ್ದಲ್ಲೇ ನಿಂತಿತು. ಕೈ ಹಿಂದಕ್ಕೆ ಚಾಚಿ ಕುರ್ಚಿಗಾಗಿ ತಡಕಾಡಿದರು. ಸಿಕ್ಕಿದ್ದು ಕಿಟಕಿ ಪಕ್ಕದ್ದು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ತಮ್ಮದೇ ಮೊದಲ ಪಾಠ ಮರೆತು, ಅದರ ಮೇಲೆ ಕೂತರು. ದೊಡ್ಡ ಸದ್ದೇನೂ ಆಗಲಿಲ್ಲ. ಒಂದಿಷ್ಟು ಪುಡಿ ಎದ್ದಿತು, ಮೇಷ್ಟ್ರು ನೆಲದ ಮೇಲಿದ್ದರು.

"ಸಾರ್! ಪೆಟ್ಟಾಯ್ತಾ?"

ಅವರು ಕೂತಲ್ಲಿಂದಲೇ ಲಕೋಟೆ ಎತ್ತಿ ತೋರಿಸಿದರು. ಅದರ ಮೇಲಿದ್ದದ್ದು ಅವಳ ಫೋನಿನಲ್ಲಿದ್ದ ಅದೇ ಮುದ್ರೆ.

"ಬರೋ ಸೋಮವಾರದಿಂದ ನಾನು ಅಲ್ಲಿ ಪ್ರೊಫೆಸರ್ ಕಣಮ್ಮ, ಆದೇಶ ಕೈಗೆ ಬರೋವರೆಗೂ ಬಾಯಿ ಬಿಡೋ ಹಾಗಿರಲಿಲ್ಲ, ಆದ್ರೆ ನನ್ನ ಹುಡುಗಿಗೂ ಒಂದು ಸೀಟು ಕೊಟ್ರೆ ಮಾತ್ರ ಬರ್ತೀನಿ ಅಂತ ಎರಡು ತಿಂಗಳು ಹಟ ಹಿಡಿದು ಕೂತಿದ್ದೆ."