ಮೂರನೆಯ ಬಾಟಲಿ

ಹಬೆಯಾಗುವ ನೀರಿನಲ್ಲಿ ಉಪ್ಪಿನ ಸುಳಿವೂ ಇರಬಾರದು; ಇದ್ದರೆ ಅಣುಸ್ಥಾವರದ ಕೊಳವೆಗಳು ಹಾಳಾಗುತ್ತವೆ. ಹಾಗಾಗಿ ರಿಪೇರಿ ಮುಗಿದು ಸ್ಥಾವರ ಶುರುವಾದ ದಿನ ಮುಖ್ಯಸ್ಥರು ಸೆಕೆಯನ್ನೂ ಲೆಕ್ಕಿಸದೆ ಸ್ಯಾಂಪಲ್ ನಲ್ಲಿಯ ಬಳಿಗೇ ಬಂದು ನಿಂತರು.

ಕೆಮಿಸ್ಟ್ ನಾಗವೇಣಿ ಬಾಟಲಿ ತುಂಬಿಸಿದಳು. ಅವರು ಬಗ್ಗಿ ಬಗ್ಗಿ ನೋಡಿದರು. ಪರೀಕ್ಷೆಯಲ್ಲಿ ಉಪ್ಪು ಕಂಡಿತು.

"ಇನ್ನೊಂದು ಹಿಡಿಯಮ್ಮ, ಸರಿಯಾಗಿ!"

ಈ ಸಲ ಅವರು ಇನ್ನೂ ಹತ್ತಿರ ಬಗ್ಗಿದರು. ಉಪ್ಪು ಮತ್ತಷ್ಟು ಹೆಚ್ಚಿತ್ತು.

"ಹಬೆ ತಣಿಸೋ ಸಮುದ್ರದ ನೀರು ಎಲ್ಲೋ ಒಳಗೆ ನುಗ್ತಿದೆ! ಸ್ಥಾವರ ನಿಲ್ಲಿಸ್ಬೇಕು!" ಎನ್ನುತ್ತ ಹಣೆಯಿಂದ ತೊಟ್ಟಿಕ್ಕುತ್ತಿದ್ದ ಬೆವರು ಒರೆಸಿಕೊಂಡು ಫೋನಿನತ್ತ ಓಡಿದರು.

ಲೈನ್ ಸಿಗುವ ಮೊದಲೇ ನಾಗವೇಣಿ ಮೂರನೆಯ ಬಾಟಲಿ ತುಂಬಿಸಿ, ಪರೀಕ್ಷಿಸಿ, ಕೂಗಿದಳು:

"ಸರ್, ಉಪ್ಪೇ ಇಲ್ಲ!"

"ಅದ್ಹೇಗಮ್ಮ? ಏನ್ ಬದಲಾಯಿಸ್ದೆ?"

"ಏನಿಲ್ಲ ಸರ್. ಈ ಸಲ ಬಾಟಲಿ ಮೇಲೆ ನೀವು ಬಗ್ಗಿರ್ಲಿಲ್ಲ."